ತುಂಬಿದ ಟ್ಯಾಂಕೂ ಬಸುರಿ ಮೂಗೂ

ನಮ್ಮ ಹಳೇ ಕಾರಿನಲ್ಲಿ ಪೆಟ್ರೋಲ್ ವಾಸನೆ ಬರುತ್ತದೆ ಎಂದು ನಾನು ಹೇಳಿದಾಗ ನನಗೆ ಆರು ತಿಂಗಳು. ಮನೆಯಲ್ಲಿ ಒಬ್ಬರೂ ನಂಬಲಿಲ್ಲ. ಸಾಸ್ವೆಹಳ್ಳಿಯಿಂದ ಹೊನ್ನಾಳಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎರಡು ಸಲ ಗಾಡಿ ನಿಲ್ಲಿಸಿ ವಾಂತಿ ಮಾಡಿಕೊಳ್ಳುತ್ತಿದ್ದೆ. ತಲೆ ಸಿಡಿಯುತ್ತಿತ್ತು.

"ಬಸುರಿ ಮೂಗಿಗೆ ಒಗ್ಗರಣೆನೇ ಆಗಿಬರಲ್ಲ. ಕಾರೇನು ಮಾಡ್ತೈತೆ?" ಎಂದರು ನನ್ನ ಗಂಡ.

ಮೈ ಉರಿಯಿತು. ಒಗ್ಗರಣೆಗೂ ಪೆಟ್ರೋಲಿಗೂ ವ್ಯತ್ಯಾಸ ತಿಳಿಯದಷ್ಟು ದಡ್ಡಿಯೇ ನಾನು? ಹೆರಿಗೆ ನೋವು ಬಂದಾಗಲೂ ಇದೇ ಕಾರಿನಲ್ಲಿ ಹೋಗಬೇಕು. ಅಷ್ಟರೊಳಗೆ ಇದನ್ನು ಸರಿ ಮಾಡಿಸದೆ ಬಿಡುವುದಿಲ್ಲ ಎಂದು ಹಟ ಹಿಡಿದೆ.

ಹೊನ್ನಾಳಿಯ ಗ್ಯಾರೇಜಿನ ಮೇಸ್ತ್ರಿ ಬಾನೆಟ್ ಎತ್ತಿ, ಕೆಳಗೆ ತೂರಿ ನೋಡಿದ. "ಎಲ್ಲೂ ಸೋರ್ತಿಲ್ಲಮ್ಮಾ. ವಾಸನೆನೂ ಇಲ್ಲ."

"ದಿನಾ ಪೆಟ್ರೋಲಾಗೆ ಕೈ ತೊಳೆಯೋರ ಮೂಗಿಗೆ ಹೆಂಗೆ ಗೊತ್ತಾಗ್ತೈತ್ರಿ?" ಎಂದುಬಿಟ್ಟೆ.

ಪುಣ್ಯಾತ್ಮ ಸಿಟ್ಟಾಗಲಿಲ್ಲ. "ಹಂಗಾರೆ ಯಾವತ್ತು ಜಾಸ್ತಿ ಬರ್ತೈತೆ, ನೋಡಿ ಹೇಳ್ರಿ" ಎಂದ.

ಅಂದಿನಿಂದ ದಿನಾ ಬೆಳಿಗ್ಗೆ ಕಾರಿನ ಬಾಗಿಲು ತೆಗೆದು ಮೂಸುವುದು, ವಾಸನೆ ಬಂದರೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಸೊನ್ನೆ ಹಾಕುವುದು. ಮೂರು ವಾರದ ಸೊನ್ನೆಗಳೆಲ್ಲ ಭಾನುವಾರ, ಸೋಮವಾರಗಳಿಗೇ ಬಿದ್ದವು. ಗಂಡ ಪೆಟ್ರೋಲ್ ಹಾಕಿಸುತ್ತಿದ್ದುದು ಶನಿವಾರ. ಮುಂದಿನ ಶನಿವಾರ ನಾನೂ ಹತ್ತಿ ಕುಳಿತೆ.

ಬಂಕಿನಲ್ಲಿ ಟ್ಯಾಂಕು ತುಂಬಿ ಪಂಪು ತಾನಾಗಿ ನಿಂತಿತು. ಇವರು ಇಳಿದು, ಹಿಂದಿನಿಂದ ಕಾರನ್ನು ಗಡಗಡ ಅಲ್ಲಾಡಿಸಿ, "ಇನ್ನೊಂಚೂರು ಹಿಡಿತೈತೆ, ಹಾಕಪ್ಪಾ" ಎಂದರು. ಸೇರಿನಲ್ಲಿ ಅಕ್ಕಿ ಅಳೆಯುವವರು ಕುಲುಕಿ ತುಂಬುವಂತೆ, ಟ್ಯಾಂಕನ್ನೂ ಕುಲುಕದಿದ್ದರೆ ನಮ್ಮ ಕಡೆಯವರಿಗೆ ಸಮಾಧಾನವಿಲ್ಲ.

ಅಲ್ಲಿಂದ ಸೀದಾ ಗ್ಯಾರೇಜಿಗೆ ಗಾಡಿ ಬಿಡಿಸಿದೆ. ನಡೆದದ್ದನ್ನು ಕೇಳಿ ಮೇಸ್ತ್ರಿ ಹಣೆ ಚಚ್ಚಿಕೊಂಡ. ಟ್ಯಾಂಕಿನ ಆವಿಯನ್ನು ಹೀರಿಕೊಳ್ಳಲು ಇದ್ದಿಲು ತುಂಬಿದ ಡಬ್ಬಿಯೊಂದಿದೆಯಂತೆ. ಕಂಠಮಟ್ಟ ತುಂಬಿಸಿದರೆ ಪೆಟ್ರೋಲೇ ಅದರೊಳಗೆ ನುಗ್ಗುತ್ತದಂತೆ. ಬಿಚ್ಚಿದಾಗ ಡಬ್ಬಿ ತೊಯ್ದುಹೋಗಿತ್ತು. ಅದರ ರಬ್ಬರ್ ಪೈಪನ್ನು ಬಗ್ಗಿಸಿದರೆ ಬೆರಳುದ್ದದ ಸೀಳು. ಡಬ್ಬಿ, ಪೈಪು ಎರಡನ್ನೂ ಬದಲಿಸಿದ.

"ಅಮ್ಮಾರ ಮೂಗಿಲ್ದಿದ್ರೆ ಇದು ಸಿಗ್ತಿರ್ಲಿಲ್ಲ ಬಿಡ್ರಿ" ಎಂದ. ಗಂಡ ನೆಲ ನೋಡುತ್ತ ನಿಂತಿದ್ದರು. ಸುಳ್ಳೇಕೆ ಹೇಳಲಿ, ನನಗೆ ಬಹಳ ಖುಷಿಯಾಯಿತು.

ಆಮೇಲೆ ಕ್ಯಾಲೆಂಡರಿನಲ್ಲಿ ಸೊನ್ನೆ ಬೀಳಲಿಲ್ಲ. ಬಂಕಿನಲ್ಲಿ ಪಂಪು ನಿಂತಾಗ ಇವರು ಕೈ ಕಟ್ಟಿ ನಿಲ್ಲುವುದನ್ನು ಕಲಿತರು.

ನೋವು ಶುರುವಾದ ಮಧ್ಯಾಹ್ನ ಜೋರು ಮಳೆ. ಗಾಜುಗಳನ್ನೆಲ್ಲ ಏರಿಸಿ ಹೊರಟೆವು. ಅರ್ಧ ದಾರಿಯಲ್ಲಿ ಇವರು ಗಾಡಿಯ ವೇಗ ತಗ್ಗಿಸಿ ನನ್ನ ಕಡೆ ತಿರುಗಿದರು.

"ವಾಸನೆ ಬರ್ತೈತಾ? ಬಂದ್ರೆ ಹೇಳು, ನಿಲ್ಲಿಸ್ತೀನಿ."

ಮೂರು ತಿಂಗಳಿಂದ ನಾನು ಕಾದಿದ್ದು ಈ ಮಾತಿಗೇ. ಹಾಳಾದ್ ಮಾತು, ಆ ನೋವಿನಲ್ಲೇ ಬಂತು.

"ಇಲ್ರೀ, ಓಡಿಸ್ರಿ" ಎಂದೆ.