ನೀರಲ್ಲಿ ನೇತಾಡಿದ ಮೈಲುತುತ್ತ

“ಹೆಸರುಕಾಳು ಮೊಳಕೆ ಕಟ್ಟಕ್ಕೆ ಹೊಂಟ್ಯೇನೇ?” ನಾನು ಹಳೇ ಪಂಚೆಯ ತುಂಡು ತಂದದ್ದು ನೋಡಿ ಅತ್ತೆ ರೇಗಿದರು. ತುರುವೇಕೆರೆ ಪಕ್ಕದ ನಮ್ಮ ತೋಟದಲ್ಲಿ ತೆಂಗಿನ ಸಸಿಗಳ ಸುಳಿ ಕೊಳೆಯುತ್ತಿತ್ತು. ಔಷಧಿಗೆಂದು ನೀರಿಗೆ ಸುರಿದ ಮೈಲುತುತ್ತದ ಹರಳು, ಅತ್ತೆ ಕೋಲಿನಿಂದ ಎಷ್ಟು ತಿರುವಿದರೂ ಕರಗದೆ ಡ್ರಮ್ಮಿನ ತಳ ಹಿಡಿದಿತ್ತು.

ಅದನ್ನೆಲ್ಲ ಬಾಚಿ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿದೆ. ಅತ್ತೆಯ ಕೋಲನ್ನೇ ಡ್ರಮ್ಮಿನ ಬಾಯಿಗೆ ಅಡ್ಡ ಇಟ್ಟು, ಗಂಟು ನೀರಿನಲ್ಲಿ ಮುಳುಗುವಷ್ಟೇ ಇಳಿಬಿಟ್ಟೆ. ನೀಲಿ ಎಳೆಗಳು ಕೆಳಗೆ ಜಾರತೊಡಗಿದವು. ಹರಳು ಕರಗಿದ ನೀರು ಭಾರವಾಗಿ ತಳಕ್ಕಿಳಿದಂತೆ, ಆ ಜಾಗಕ್ಕೆ ತಿಳಿನೀರು ಬಂದು ಮತ್ತಷ್ಟು ಕರಗಿಸುತ್ತಿತ್ತು. ಕಾಫಿ ಕುಡಿದು ಬರುವಷ್ಟರಲ್ಲಿ ಗಂಟು ಖಾಲಿ!

ಆ ನೀರಿಗೆ ಸುಣ್ಣದ ನೀರು ಬೆರೆಸಿ ಸುಳಿಗೆ ಹೊಯ್ದೆವು; ಸಸಿಗಳೀಗ ಹಸಿರು ಸುಳಿ ಬಿಟ್ಟಿವೆ. ಅತ್ತೆ ಪಕ್ಕದ ತೋಟದವರನ್ನೂ ಗದರುತ್ತಾರೆ: “ತಿರುವ್‌ಬ್ಯಾಡಿ ಕಣ್ರೀ, ನೇತಾಕಿ!”