ಮೂರನೇ ಮಹಡಿಯಲ್ಲಿ ಹಾಲು ಉಕ್ಕಿಸಿದ ಅತ್ತೆ

ನಮ್ಮ ಅತ್ತೆಗೆ ಎಡಗಡೆ ಹುಬ್ಬು ಅರ್ಧ ಮಾತ್ರ ಇತ್ತು. ಉಳಿದರ್ಧವನ್ನು ಯಾವತ್ತೋ ರೊಟ್ಟಿ ಒಲೆಯ ಉರಿ ನೆಕ್ಕಿಕೊಂಡು ಹೋಗಿತ್ತು, ಮತ್ತೆ ಬೆಳೆಯಲೇ ಇಲ್ಲ. ಆ ಅರ್ಧ ಹುಬ್ಬು ಮೇಲೇರಿತೆಂದರೆ ಮುಗಿಯಿತು, ಬ್ರಹ್ಮ ಬಂದು ಹೇಳಿದರೂ ಕೇಳುವವರಲ್ಲ. ಮದುವೆಯಾಗಿ ಸೊರಬದಿಂದ ಶಿಕಾರಿಪುರಕ್ಕೆ ಬಂದ ನಾನು ದಿನಕ್ಕೊಮ್ಮೆಯಾದರೂ ‘ಸಾಕಪ್ಪಾ ಸಾಕು’ ಅಂದುಕೊಳ್ಳದೆ ಮಲಗಿದ್ದಿಲ್ಲ.

ಮಾವ ಬೇಗ ತೀರಿಕೊಂಡಿದ್ದರು. ಆಮೇಲೆ ಅತ್ತೆ ಮನೆಯ ಹಿಂದೆ ತಗಡಿನ ಶೆಡ್ ಹಾಕಿ, ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರಲು ಶುರುಮಾಡಿದರು. ನಾನು ಬಂದ ಮೇಲೆ ಪ್ಯಾಕಿಂಗು, ಫೋನು, ಅಂಗಡಿಯವರ ಜೊತೆ ಜಗಳ ಎಲ್ಲ ನನ್ನ ಪಾಲಿಗೆ. ನನ್ನದು ಒಂದೇ ಆಸೆ: ಸೊರಬದಲ್ಲೂ ಒಂದು ಶೆಡ್ ಹಾಕಬೇಕು, ಅದನ್ನು ನಾನೇ ನಡೆಸಬೇಕು. ಕೇಳಿದಾಗಲೆಲ್ಲ ಅತ್ತೆ, “ಅನ್ನ ಉಣ್ಣೋ ಊರಾಗ ರೊಟ್ಟಿ ಬಡಿಯೋರು ಎಲ್ಲಿ ಸಿಗ್ತಾರವ್ವಾ?” ಎಂದು ಬಾಯಿ ಮುಚ್ಚಿಸುತ್ತಿದ್ದರು. ನನ್ನ ಕಾಟ ತಡೆಯಲಾರದೆ ಕೊನೆಗೊಮ್ಮೆ, “ಬೆಂಗಳೂರಿಂದ ಆರ್ಡರ್ ತಗಂಬಾ, ಆಮ್ಯಾಲೆ ನೋಡಾಣ” ಅಂದರು.

ಆರ್ಡರಿನ ದಾರಿಯೂ ತೆರೆಯಿತು. ಊರೂರಲ್ಲಿ ಅಂಗಡಿ ಇಟ್ಟಿದ್ದ ಒಂದು ಕಂಪನಿ, ನಮ್ಮಂಥ ಸಣ್ಣ ತಯಾರಕರನ್ನು ಬೆಂಗಳೂರಿನ ಹೋಟೆಲೊಂದಕ್ಕೆ ಮೀಟಿಂಗಿಗೆ ಕರೆದಿತ್ತು. ಉಳಿಯುವುದೂ ಅಲ್ಲೇ. ನಾನೊಬ್ಬಳೇ ಹೋಗಿ ಬರುತ್ತೇನೆಂದರೆ, ಅತ್ತೆ ಆಗಲೇ ರೊಟ್ಟಿ ಗಂಟು ಕಟ್ಟಿ, ಒಂದು ಹಿತ್ತಾಳೆ ಪಾತ್ರೆಯನ್ನೂ ಚೀಲಕ್ಕೆ ತುರುಕಿ, ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದರು.

ರಾತ್ರಿ ಬಸ್ಸಿಗೆ ಹೊರಟು ಬೆಳಿಗ್ಗೆ ತಲುಪಿದೆವು. ಹೋಟೆಲಿನಲ್ಲಿ ಇದ್ದವೆಲ್ಲ ಸೂಟ್ ರೂಮುಗಳೇ. ಕೂರುವುದಕ್ಕೊಂದು ಕೋಣೆ, ಮಲಗುವುದಕ್ಕೊಂದು, ಸಾಲದ್ದಕ್ಕೆ ಪುಟ್ಟ ಅಡುಗೆಮನೆ. ಅಲ್ಲಿ ಫ್ರಿಜ್ಜು, ಪಾತ್ರೆ, ಗಾಜಿನ ಮೈಯ ಕರೆಂಟ್ ಒಲೆ. ಅತ್ತೆ ಒಲೆಯ ಮೇಲೆ ಕೈಯಾಡಿಸಿ, “ಇದು ರೂಮಲ್ಲ ಕಣೇ, ಮನೆ” ಅಂದರು. ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಕಸ ಗುಡಿಸಲು ಬಂದ ಹೆಂಗಸನ್ನು ಬಾಗಿಲಲ್ಲೇ ತಡೆದರು. “ಮನೇಲಿ ಇಬ್ರು ಹೆಣ್ಮಕ್ಳು ಇದ್ದು ನಿನ್ ಕೈಲಿ ಕಸ ಹೊಡಿಸ್ಕೊಂಡ್ರೆ ನಾಚಿಕೆ ಅಲ್ಲೇನು? ಬಾ, ಕುಂದ್ರು, ರೊಟ್ಟಿ ತಿನ್ನು.” ಆಕೆ ಪಾಪ, ಅತ್ತ ಕೂರಲೂ ಆಗದೆ ಇತ್ತ ಹೋಗಲೂ ಆಗದೆ ಪೊರಕೆ ಹಿಡಿದು ನಿಂತಿದ್ದಳು.

ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತೆ ಕೆಳಗಿಳಿದು ಬೀದಿಯಿಂದ ಹಾಲಿನ ಪ್ಯಾಕೆಟ್ ತಂದಿದ್ದರು.

“ಹೊಸ ಮನೆ. ಹಾಲು ಉಕ್ಕಿಸ್ದೆ ಒಲೆ ಮುಟ್ಟಬಾರ್ದು.”

“ಅತ್ತೆ, ಇದು ಎರಡು ದಿನದ ಬಾಡಿಗೆ ರೂಮು!”

“ಒಲೆ ಇದ್ಮ್ಯಾಲೆ ಮನೆನೇ. ಬಾ, ನೀ ಮುತ್ತೈದೆ, ನೀ ಉಕ್ಸು.”

ಕೆಳಗೆ ಮೀಟಿಂಗ್ ಶುರುವಾಗುವ ಹೊತ್ತು. ಸೀರೆ ಅರ್ಧ ಉಟ್ಟಿದ್ದೆ, ಸ್ಯಾಂಪಲ್ ಡಬ್ಬ ಇನ್ನೂ ತುಂಬಿರಲಿಲ್ಲ, ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಈ ಮಹಾರಾಯ್ತಿಗೆ ಹಿತ್ತಾಳೆ ಪಾತ್ರೆ ಆ ಒಲೆಗೆ ಆಗುವುದಿಲ್ಲವೆಂದು ತಿಳಿಸುವಷ್ಟರಲ್ಲಿ ನನ್ನ ತಲೆ ಕೆಟ್ಟು ಗೊಬ್ಬರವಾಗಿತ್ತು. ಹೋಟೆಲಿನ ಪಾತ್ರೆಯನ್ನು ಅವರ ಮುಂದೆ ಕುಕ್ಕಿ ಕಿರುಚಿದೆ: “ನೀವೇ ಉಕ್ಕಿಸಿ! ಇಲ್ಲಿ ಯಾರು ನೋಡ್ತಾರೆ?”

ಹುಬ್ಬು ಏರುತ್ತದೆ ಅಂದುಕೊಂಡಿದ್ದೆ. ಏರಲಿಲ್ಲ.

“ನಾನಾ?” ಅಂದರು.

ಮಾವ ಹೋದಂದಿನಿಂದ ಅತ್ತೆ ಯಾವ ಶುಭಕಾರ್ಯಕ್ಕೂ ಮುಂದೆ ನಿಂತವರಲ್ಲ. ಅವರೇ ಕಟ್ಟಿಸಿದ ಶೆಡ್ಡಿನಲ್ಲೂ ಮೊದಲ ಹಾಲು ಉಕ್ಕಿಸಿದ್ದು ಅವರ ಓರಗಿತ್ತಿ. ಅತ್ತೆ ಹೊರಗೆ ನಿಂತು ಬಂದವರಿಗೆ ನೀರು ಕೊಟ್ಟಿದ್ದರಂತೆ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿದ್ದದ್ದು ಮೀಟಿಂಗ್ ಒಂದೇ.

ಅತ್ತೆ ಕೈ ತೊಳೆದು ಬಂದರು. “ಮೂಡಣ ಯಾವ ಕಡೆ ಬರ್ತತಿ?” ಕೇಳಿದರು. ಪಾತ್ರೆಗೆ ವಿಭೂತಿ ಹಚ್ಚಿ ಹಾಲು ಸುರಿದರು. ಕಣ್ಣು ಮಿಟುಕಿಸದೆ ನಿಂತರು. ಹಾಲು ಉಬ್ಬಿ ಅಂಚು ದಾಟಿ ಗಾಜಿನ ಮೇಲೆಲ್ಲ ಹರಿಯಿತು. ಒಲೆ ಕೀಂಕೀಂ ಎಂದು ಕೂಗಿ ಆರಿಹೋಯಿತು. ಒರೆಸಲು ಹೋದ ನನ್ನ ಕೈ ಹಿಡಿದುಕೊಂಡು, “ಇರೇ, ಒಂಚೂರು ನೋಡ್ತೀನಿ” ಅಂದರು. ನನ್ನ ಸಿಟ್ಟು ಇಳಿದಿರಲಿಲ್ಲ, ಆದರೂ ಕೈ ಬಿಡಿಸಿಕೊಳ್ಳಲಿಲ್ಲ.

ಕೆಳಗೆ ಹೋಗುವಷ್ಟರಲ್ಲಿ ನಮ್ಮ ಸರದಿ ದಾಟಿಹೋಗಿತ್ತು. “ಮುಂದಿನ ವರ್ಷ ಬನ್ನಿ ಮೇಡಂ” ಎಂದಳು ಮೇಜಿನ ಹಿಂದಿನ ಹುಡುಗಿ. ಸೊರಬದ ಶೆಡ್ ನನ್ನ ಕಣ್ಣೆದುರೇ ಮುಳುಗಿತು. ತಲೆ ಚಚ್ಚಿಕೊಳ್ಳಲು ಗೋಡೆ ಹುಡುಕುತ್ತಿದ್ದರೆ, ಅತ್ತೆ ಲಿಫ್ಟಿನ ಹತ್ತಿರ ಕಂಪನಿಯ ದೊಡ್ಡ ಸಾಹೇಬರನ್ನೇ ತಡೆದು ನಿಲ್ಲಿಸಿದ್ದರು.

“ಮಧ್ಯಾಹ್ನ ಮನೆಗೆ ಊಟಕ್ಕೆ ಬರ್ರೀ ಸರ್. ಹಾಲು ಉಕ್ಸಿದ್ ದಿನ ಯಾರಿಗಾದ್ರೂ ಊಟಕ್ಕಿಡಬೇಕು.”

“ಮನೆ ಎಲ್ಲಮ್ಮಾ?”

“ಇಲ್ಲೇ, ಮೂರನೇ ಮಹಡಿ.”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಆ ಮನುಷ್ಯ ಹೊಟ್ಟೆ ತುಂಬ ನಕ್ಕರು. ಮಧ್ಯಾಹ್ನ ಇಬ್ಬರನ್ನು ಕರೆದುಕೊಂಡು ನಿಜಕ್ಕೂ ಬಂದೇಬಿಟ್ಟರು. ಅತ್ತೆ ಅದೇ ಒಲೆಯಲ್ಲಿ ಎಣ್ಣೆಗಾಯಿ ಮಾಡಿದ್ದರು. ಸಾಹೇಬರು ಸೋಫಾದ ಮೇಲೆ ಕೂತು ರೊಟ್ಟಿ ಮುರಿಯುತ್ತ, ಸದ್ಯಕ್ಕೆ ನಿಮ್ಮ ಜಿಲ್ಲೆಯಲ್ಲಿರುವ ನಮ್ಮ ಅಂಗಡಿಗಳಿಗೆ ಮಾತ್ರ ಕೊಡಿ ಅಂದರು. ನಾನು ಕನಸು ಕಂಡಷ್ಟು ದೊಡ್ಡ ಆರ್ಡರ್ ಅಲ್ಲ, ಒಂದು ಶೆಡ್ಡಿಗೆ ಸಾಕಾಗುವಷ್ಟು. ವಾಪಸ್ ಬರುವ ಬಸ್ಸಿನಲ್ಲಿ ಅತ್ತೆ ದಾರಿಯುದ್ದಕ್ಕೂ, “ನಾ ಬರ್ದಿದ್ರೆ ನೀ ಏನ್ ಮಾಡ್ತಿದ್ದೆ?” ಅಂತ ಕೊರೆದರು. ನೀವು ಬರದಿದ್ದರೆ ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದೆ ಎಂದು ನಾನೂ ಬಿಡದೆ ಹೇಳಿದೆ.

ಸೊರಬದ ಶೆಡ್ಡು ಶುರುವಾದ ದಿನ ಅತ್ತೆಯ ಓರಗಿತ್ತಿ ರೇಷ್ಮೆ ಸೀರೆಯುಟ್ಟು ಒಲೆಯ ಮುಂದೆ ತಯಾರಾಗಿ ನಿಂತಿದ್ದರು. ಅತ್ತೆ ನೀರಿನ ತಂಬಿಗೆ ಹಿಡಿದು ಹೊರಗೆ ಹೊರಟರು. ನನಗೆ ಮೈಯೆಲ್ಲ ಉರಿಯಿತು. ತಂಬಿಗೆ ಕಿತ್ತುಕೊಂಡು ಹಾಲಿನ ಪಾತ್ರೆಯನ್ನು ಕೈಗಿಟ್ಟೆ. “ಉಕ್ಕಿಸಿ ಅತ್ತೆ, ಹೊತ್ತಾಯ್ತು!” ನೆಂಟರು ಮುಖ ಮುಖ ನೋಡಿಕೊಂಡರು, ಯಾರೋ ಗೊಣಗಿದರು. ಅತ್ತೆಯ ಅರ್ಧ ಹುಬ್ಬು ಮೇಲೇರಿತು. ಈ ಸಲ ಅದು ಗೊಣಗಿದವರ ಕಡೆಗೆ.

ಹೋದ ಮಳೆಗಾಲದಲ್ಲಿ ಅತ್ತೆ ತೀರಿಕೊಂಡರು. ಹಿಂದಿನ ದಿನವೂ ನಾನು ಹಿಟ್ಟು ನಾದಿದ್ದು ಸರಿಯಿಲ್ಲವೆಂದು ಬೈದಿದ್ದರು.

ಮೊನ್ನೆ ನಮ್ಮ ಶೆಡ್ಡಿನಲ್ಲಿ ರೊಟ್ಟಿ ಬಡಿಯುವ, ಜಡೆ ಊರಿನ ಹೆಂಗಸು ಹೊಸ ಮನೆಗೆ ಕರೆಯಲು ಬಂದಳು. ಗಂಡ ಇಲ್ಲ, ದುಡಿದು ತಾನೇ ಕಟ್ಟಿಸಿದ ಮನೆ. “ಅಕ್ಕಾ, ನೀವು ಬಂದು ಹಾಲು ಉಕ್ಸಿಕೊಡ್ಬೇಕು, ನಾನು ಉಕ್ಸಂಗಿಲ್ವಲ್ಲ” ಅಂದಳು. ಲಾರಿ ಬಂದು ನಿಂತಿತ್ತು, ಪ್ಯಾಕಿಂಗ್ ಮುಗಿದಿರಲಿಲ್ಲ. “ನೀನೇ ಉಕ್ಸೇ ಮಾರಾಯ್ತಿ, ನಿನ್ನ ಮನೆ!” ಅಂತ ಗದರಿದೆ.

ಗದರಿದೆನೇನೋ ಸರಿ, ಹೋಗಿ ಪಕ್ಕದಲ್ಲಿ ನಿಂತದ್ದೂ ನಾನೇ. ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾಯಿತು. ಒರೆಸಲು ಬಟ್ಟೆ ಎತ್ತಿಕೊಂಡೆ. ಅವಳು ನನ್ನ ಕೈ ಹಿಡಿದುಕೊಂಡು, “ಇರಿ ಅಕ್ಕಾ, ಒಂಚೂರು ನೋಡ್ತೀನಿ” ಅಂದಳು.