ಕುಸುಬೆ ಎಣ್ಣೆಯ ಕ್ಯಾನು

ರಾಮಮೂರ್ತಿ ನಗರದ ಬಾಡಿಗೆ ಮನೆಯ ಮಹಡಿಯಲ್ಲಿ ನಮ್ಮ ಪಕ್ಕದ ಕೋಣೆಯಲ್ಲಿದ್ದ ರಾಯಚೂರು ಕಡೆಯ ಹೆಂಗಸು ರೇಷನ್ ಪಾಮಾಯಿಲನ್ನು ಕರಿಯುವುದಕ್ಕಷ್ಟೇ ಬಳಸುತ್ತಿದ್ದರು. ರೊಟ್ಟಿಯ ಮೇಲೆ ಹಸಿಯಾಗಿ ಸುರಿದುಕೊಳ್ಳಲು ಊರಿನ ಕುಸುಬೆ ಎಣ್ಣೆಯೇ ಆಗಬೇಕು. "ಅಂಗಡ್ಯಾಂವ ಕೊಟ್ಟದ್ದ ನುಂಗಾಕ ಇದು ಅವನ ಬಾಯಲ್ರಿ, ನಂದು" ಎನ್ನುವುದು ಅವರ ಮಾತು. ಹಾಗೆ ಹೇಳುವಾಗೆಲ್ಲ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಅವರ ತಮ್ಮ ಊರಿನಿಂದ ತಂದ ಎಣ್ಣೆ ಕ್ಯಾನಿನ ಮುಚ್ಚಳ ತೆಗೆದು ಮೂಸಿದರು. ಕುಸುಬೆಯ ವಾಸನೆಯೇ ಇರಲಿಲ್ಲ.

"ಗಾಣ ಮುಚ್ಯಾರಕ್ಕಾ. ಊರಾಗೂ ಈಗ ಎಲ್ಲಾರೂ ಪಾಮಾಯಿಲೇ ತಿಂತಾರ" ಎಂದ ತಮ್ಮ.

ಅವರು ಸೆರಗು ಸಿಕ್ಕಿಸಿದರು. ಶೇಂಗಾ ಹುರಿದು, ಖಾರದಪುಡಿ, ಬೆಳ್ಳುಳ್ಳಿ ಸೇರಿಸಿ ಕುಟ್ಟಾಣಿಯಲ್ಲಿ ಕುಟ್ಟತೊಡಗಿದರು. ಕೆಳಗಿನಿಂದ ಮನೆ ಓನರ್ ಕೂಗಿದರು: "ರೀ, ನೆಲ ಬಿರುಕು ಬಿಡುತ್ತೆ, ನಿಲ್ಸಿ."

"ಶೇಂಗಾ ಇನ್ನೂ ಎಣ್ಣಿ ಬಿಟ್ಟಿಲ್ರಿ" ಎಂದು ಕೂತಲ್ಲಿಂದಲೇ ಹೇಳಿ ಇನ್ನಷ್ಟು ಜೋರಾಗಿ ಕುಟ್ಟಿದರು. ಪುಡಿ ಮುದ್ದೆಯಾಗಿ ಬೆರಳಿಗೆ ಎಣ್ಣೆ ಹತ್ತಿದ ಮೇಲೆಯೇ ನಿಲ್ಲಿಸಿದ್ದು. ಆ ಬೆರಳನ್ನು ರೊಟ್ಟಿಗೆ ಒರೆಸಿ, ರೊಟ್ಟಿಯನ್ನು ತಮ್ಮನ ಮುಂದಿಟ್ಟರು.

"ತಿನ್ನು. ಇದಕ್ಕ ಯಾರ ಗಾಣನೂ ಬ್ಯಾಡ."